ತೊಳೆಯಬಾರದ ಬುಟ್ಟಿ

ಬಟ್ಟೆ ಹೊಲಿಯುವುದು ಅವಳ ಕಸುಬು. ಹೆಸರು ತಂದುಕೊಟ್ಟದ್ದು ಮಾತ್ರ ಕೋಳಿ. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿತ್ತಲಲ್ಲಿ ಕೋಳಿ ಗೂಡು, ಇವೆರಡರ ನಡುವೆ ಸಂಸಾರ. ಅವಳು ಕಾವಿಗೆ ಇಟ್ಟ ಮೊಟ್ಟೆ ಕೆಡುವುದಿಲ್ಲ ಎಂದು ಸುತ್ತಲಿನ ಬೀದಿಗಳಿಗೆಲ್ಲ ಗೊತ್ತಿತ್ತು. ಕೋಳಿ ಸಾಕಿದವರು ಮೊಟ್ಟೆ ಹಿಡಿದು ಬಂದು, “ಒಂದ್ಸಲ ನೀವೇ ಮುಟ್ಟಿ ಇಟ್ಟುಬಿಡಿ” ಎನ್ನುತ್ತಿದ್ದರು. ಹಾಗಾಗಿ ಅವಳಿಗೆ ಕೈಗುಣದಕ್ಕ ಎಂದೇ ಹೆಸರು ಬಿತ್ತು. “ಅಯ್ಯೋ, ನನ್ನದೇನಿದೆ ಅದರಲ್ಲಿ” ಎಂದು ಬಾಯಲ್ಲಿ ಹೇಳುತ್ತಿದ್ದಳು. ಮನಸ್ಸಿನೊಳಗೆ, ಎಲ್ಲವೂ ತನ್ನದೇ ಎಂದುಕೊಳ್ಳುತ್ತಿದ್ದಳು. ಹೊಗಳಿಕೆ ಯಾರಿಗೆ ಕಹಿ?

ಆ ಕೈಗುಣಕ್ಕೆ ಜೊತೆಯಾಗಿ ಒಂದು ಬುಟ್ಟಿಯೂ ಇತ್ತು. ಬಿದಿರಿನ ಅಗಲ ಬುಟ್ಟಿ. ಮೊದಲ ಸಲ ಅದರಲ್ಲಿ ಕೂತ ಕೋಳಿ ಒಂದು ಮೊಟ್ಟೆಯನ್ನೂ ಹಾಳು ಮಾಡದೆ ಮರಿ ಎಬ್ಬಿಸಿತ್ತು. ಅಂದಿನಿಂದ ಅದು ಅದೃಷ್ಟದ ಬುಟ್ಟಿ. ಒಳಗಿನ ಹುಲ್ಲು ಬದಲಾಗುತ್ತಿತ್ತು, ಬುಟ್ಟಿಗೆ ನೀರು ಸೋಕಿಸುವಂತಿರಲಿಲ್ಲ. “ತೊಳೆದರೆ ಅದರ ಗುಣ ಹೋಗುತ್ತೆ” ಎಂದು ಅವಳೇ ಕಾನೂನು ಮಾಡಿದ್ದಳು. ಪಾತ್ರೆಯ ಮೇಲೆ ಒಂದು ಕಲೆ ಉಳಿದರೆ ಮತ್ತೆ ಮತ್ತೆ ಉಜ್ಜುವ ಹೆಂಗಸು, ಹೆಣಿಗೆಯ ಸಂದಿಸಂದಿಯಲ್ಲಿ ಹಿಕ್ಕೆ ಒಣಗಿ ಕೂತ ಆ ಬುಟ್ಟಿಯನ್ನು ಗೂಡಿನ ಗೋಡೆಗೆ ಜೋಪಾನವಾಗಿ ನೇತುಹಾಕುತ್ತಿದ್ದಳು. ಬುದ್ಧಿಗೂ ಒಂದು ರಜಾದಿನ ಬೇಕಲ್ಲ.

ಆ ವರ್ಷ ಸೆಕೆ ಜೋರಾದಾಗ ಅವಳ ಕೋಳಿಗಳು ಸಂಜೆ ಗೂಡಿಗೆ ಹೋಗಲು ತಕರಾರು ತೆಗೆದವು. ಬಾಗಿಲವರೆಗೆ ಬಂದು, ಕತ್ತು ಹೊರಳಿಸಿ, ವಾಪಸ್ಸು. ಇಲಿಯೋ ಹಾವೋ ಹೊಕ್ಕಿರಬೇಕೆಂದು ಅವಳು ಕೋಲು ಹಿಡಿದು ಮೂಲೆಮೂಲೆ ಕೆದಕಿದಳು. ಏನೂ ಸಿಗಲಿಲ್ಲ. ಜುಟ್ಟುಗಳು ಬಿಳಿಚಿಕೊಂಡಿದ್ದವು, ಮೊಟ್ಟೆಯೂ ಕಡಿಮೆಯಾಗಿತ್ತು. ಕೊನೆಗೆ, ಕೋಳಿಗಳು ರಾತ್ರಿ ಕೂರುವ ಅಡ್ಡಕೋಲಿನ ಅಡಿಗೆ ಕೈ ಹಾಕಿ ಸವರಿದಳು. ಅಂಗೈ ರಕ್ತ ಬಳಿದಂತೆ ಕೆಂಪಾಯಿತು, ಆ ಕೆಂಪು ಹರಿದಾಡಿತು.

ಕೆಂಪು ನುಸಿ. ಹಗಲೆಲ್ಲ ಮರದ ಸಂದಿಯಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಕೋಳಿಯ ಮೈ ಹತ್ತಿ ರಕ್ತ ಹೀರುವ ಜಾತಿ. ಅವಳು ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು. ಊರಿಗೆಲ್ಲ ಕೋಳಿ ಸಾಕುವ ಪಾಠ ಹೇಳುವವಳ ಗೂಡಿಗೇ ನುಸಿ! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಗಂಡನಿಗೂ ಹೇಳಲಿಲ್ಲ.

ಅದೇ ವಾರ ಅವಳ ಓರಗಿತ್ತಿ ಬಂದಳು. ಮೈದುನನ ಹೆಂಡತಿ. ಪಕ್ಕದ ಬೀದಿಯಲ್ಲಿ ಮನೆ, ದಿನಸಿ ಅಂಗಡಿಯೊಂದರಲ್ಲಿ ಸಾಮಾನು ತೂಗಿ ಪೊಟ್ಟಣ ಕಟ್ಟುವ ಕೆಲಸ. ಈ ಚಿಕ್ಕವಳಿಗೂ ಮನೆಯಲ್ಲೊಂದು ಹೆಸರಿತ್ತು, ಆದರೆ ಅದು ಉಲ್ಟಾ ಹೆಸರು. ಹಾಲು ಒಡೆದದ್ದು ಸೆಕೆಗೆ, ಗಿಡ ಬಾಡಿದ್ದು ನೀರಿಲ್ಲದೆ. ಅಪವಾದ ಮಾತ್ರ ಅವಳ ಕೈಗೆ. ಅವಳೂ ಅದನ್ನು ಅರ್ಧ ನಂಬಿಬಿಟ್ಟಿದ್ದಳು.

“ಅಕ್ಕ, ನನ್ನ ಕೋಳಿ ಯಾವುದೂ ಕಾವಿಗೆ ಕೂತಿಲ್ಲ. ನಿನ್ನ ಕಾವು ಕೋಳೀನ ಮೂರು ವಾರಕ್ಕೆ ಕೊಡ್ತೀಯಾ? ಒಳ್ಳೇ ಜಾತಿ ಮೊಟ್ಟೆ ಸಿಕ್ಕಿವೆ. ಈ ಸಲ ನಾನೇ ಇಡ್ತೀನಿ.”

ಗುಂಡಿ ಹಚ್ಚುತ್ತ ಕೂತಿದ್ದ ಅತ್ತೆ ನಕ್ಕರು. “ನಿನ್ನ ಕೈಯಲ್ಲೇ? ಸುಮ್ನೆ ದೊಡ್ಡವಳ ಹತ್ರ ಇಡಿಸ್ಕೊಳೇ. ನೀನು ಮುಟ್ಟಿದ್ದೆಲ್ಲ ಮಣ್ಣು.”

“ಅದಕ್ಕೇ ಅತ್ತೆ, ಒಂದ್ಸಲ ನೋಡೇ ಬಿಡೋಣ ಅಂತ.” ಚಿಕ್ಕವಳೂ ನಕ್ಕಳು. ಅದು ನಗುವಲ್ಲ ಎಂದು ಕೈಗುಣದಕ್ಕನಿಗೆ ಗೊತ್ತಾಯಿತು.

‘ಈಗ ಬೇಡ ಕಣೆ, ಗೂಡಿಗೆ ನುಸಿ ಬಿದ್ದಿದೆ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅತ್ತೆ ಸೂಜಿಯಿಂದ ತಲೆಯೆತ್ತಿ ನೋಡುತ್ತಿದ್ದರು. ಮಾತು ಬಂದ ದಾರಿಯಲ್ಲೇ ಒಳಗೆ ಹೋಯಿತು. ಅವಳು ಹಿತ್ತಲಿಗೆ ಹೋಗಿ ಕೋಳಿಯನ್ನು ಎತ್ತಿಕೊಂಡಳು, ರೆಕ್ಕೆ ಬಿಡಿಸಿ ನೋಡಿದಳು, ಬಾಲದ ಕೆಳಗಿನ ಪುಕ್ಕ ಸರಿಸಿ ನೋಡಿದಳು. ಏನೂ ಕಾಣಲಿಲ್ಲ. ಹಗಲಲ್ಲಿ ಕಾಣುವುದಿಲ್ಲ ಎಂದು ಗೊತ್ತಿದ್ದೂ, ಗೊತ್ತಿಲ್ಲದವಳಂತೆ ನೋಡಿ ಸಮಾಧಾನ ಮಾಡಿಕೊಂಡಳು. ಗೋಡೆಯ ಬುಟ್ಟಿಯನ್ನು ಇಳಿಸಿ ಅದರ ಜೊತೆಗೇ ಕೊಟ್ಟಳು.

“ಬುಟ್ಟಿ ತೊಳೀಬೇಡ ಮತ್ತೆ” ಎಂದೂ ಸೇರಿಸಿದಳು.

ಮಾರನೆಯ ದಿನ ಬಸ್ಸು ಹತ್ತಿ, ತನ್ನ ಗುರುತಿನವರು ಯಾರೂ ಇಲ್ಲದ ಕಡೆಯ ಪಶು ಆಸ್ಪತ್ರೆಗೆ ಹೋದಳು. “ನಮ್ಮ ಪಕ್ಕದ ಮನೆಯವರ ಕೋಳಿಗೆ ನುಸಿ ಆಗಿದೆಯಂತೆ” ಎಂದು ಕಾಂಪೌಂಡರನಿಗೆ ಹೇಳಿದಳು.

ಅವನು ಮೇಜಿನ ಮೇಲಿದ್ದ ಅವಳ ತೋಳನ್ನೇ ನೋಡಿದ. “ಪಕ್ಕದ ಮನೆ ನುಸಿ ನಿಮ್ಮನೇಲೇ ಊಟಕ್ಕಿದೆ ಅನ್ಸುತ್ತೆ, ತಾಯಿ.”

ಮೊಣಕೈ ಹತ್ತಿರ ಒಂದು ಕೆಂಪು ಚುಕ್ಕೆ ನಿಧಾನವಾಗಿ ಮೇಲೆ ಹತ್ತುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಕಾಂಪೌಂಡರ್ ಮತ್ತೇನೂ ಕೆಣಕದೆ ಪುಡಿ ಕೊಟ್ಟ. “ಬರೀ ಕೋಳಿಗೆ ಪುಡಿ ಹಾಕಿದ್ರೆ ಆಗಲ್ಲ. ಹೇನಾದ್ರೆ ಕೋಳಿ ಮೈಮೇಲೇ ಇರುತ್ತೆ. ಇದು ಮನೆ ಮಾಡ್ಕೊಳ್ಳೋದು ಮರದಲ್ಲಿ. ಕೋಲು, ಹಲಗೆ, ಬುಟ್ಟಿ, ಎಲ್ಲ ಕುದಿಯೋ ನೀರಲ್ಲಿ ತೊಳೀಬೇಕು. ವಾರ ಬಿಟ್ಟು ಮತ್ತೆ ಮಾಡಿ, ಅಷ್ಟೊತ್ತಿಗೆ ಉಳಿದ ನುಸಿ ಮೊಟ್ಟೆ ಒಡೆದು ಮರಿ ಬಂದಿರುತ್ತೆ.”

ಬುಟ್ಟಿ ಎಂಬ ಮಾತು ಅವಳ ಎದೆಗೆ ನಾಟಿತು.

ಮನೆಗೆ ಬಂದವಳು ನುಸಿಯ ಮೇಲೆ ಯುದ್ಧಕ್ಕೇ ಇಳಿದಳು. ಹಳೇ ಹುಲ್ಲೆಲ್ಲ ಎಳೆದು ಸುಟ್ಟಳು. ಅಡ್ಡಕೋಲು ಕಳಚಿ ಕೆರೆದಳು, ಹಂಡೆ ಹಂಡೆ ಕುದಿನೀರು ಸುರಿದಳು, ಒಣಗಿದ ಮೇಲೆ ಬಿರುಕುಗಳಿಗೆ ಸುಣ್ಣ ತುಂಬಿದಳು. ಒಂದೊಂದು ಕೋಳಿಯನ್ನೂ ತಲೆಕೆಳಗಾಗಿ ಹಿಡಿದು ರೆಕ್ಕೆಯ ಸಂದಿಗೆ, ಬಾಲದ ಬುಡಕ್ಕೆ ಪುಡಿ ಉಜ್ಜಿದಳು. ಮೂಲೆಯಲ್ಲಿ ಮರಳು, ಬೂದಿ ಬೆರೆಸಿ ಹಾಕಿದಳು. ಕೋಳಿಗಳು ಅದರಲ್ಲಿ ಹೊರಳಿ ಮೈ ಕೊಡವಿಕೊಂಡವು. “ಇದೇನೇ ಇಷ್ಟು ಸಡಗರ?” ಎಂದು ಅತ್ತೆ ಕೇಳಿದಾಗ, “ಸೆಕೆಗಾಲ ಅಲ್ವಾ ಅತ್ತೆ, ಚೊಕ್ಕಟ ಇರಲಿ ಅಂತ” ಎಂದಳು. ಅತ್ತೆ ಅದನ್ನೂ ಬೀದಿಯಲ್ಲಿ ಹೊಗಳಿದರು.

ಚಿಕ್ಕವಳ ಮನೆಗೆ ಹೋಗಿ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಬೀದಿ ತಿರುಗಿದರೆ ಆಯಿತು. ಒಂದು ದಿನ ಅರ್ಜೆಂಟು ಹೊಲಿಗೆ, ಇನ್ನೊಂದು ದಿನ ತಲೆನೋವು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾದದ್ದು ಇನ್ನೊಬ್ಬಳ ಮನೆ.

ಮರಿ ಏಳಲು ಇನ್ನೇನು ಕೆಲವೇ ದಿನ ಇದ್ದಾಗ ಚಿಕ್ಕವಳು ಬಾಗಿಲಿಗೆ ಬಂದು ನಿಂತಳು. ಕಂಕುಳಲ್ಲಿ ಕೋಳಿ, ಕೈಯಲ್ಲಿ ಬುಟ್ಟಿ. ಕೋಳಿಯ ಎದೆಯ ಪುಕ್ಕ ಉದುರಿ ಚರ್ಮ ಕಾಣುತ್ತಿತ್ತು, ಜುಟ್ಟು ಕಾಗದದಷ್ಟು ಬಿಳಿ.

“ತಪ್ಪಾಯ್ತಕ್ಕ. ಮೊಟ್ಟೆ ಬಿಟ್ಟು ಎದ್ದುಬಿಡ್ತು. ಎಷ್ಟು ಕೂರಿಸಿದ್ರೂ ಕೂರಲ್ಲ. ಎಲ್ಲ ತಣ್ಣಗಾಗಿ ಹೋದ್ವು. ನಿನ್ನ ಒಳ್ಳೇ ಕೋಳೀನೂ ಹಾಳು ಮಾಡ್ದೆ.”

ಆಗಲಾದರೂ ಹೇಳಬಹುದಿತ್ತು. ಅತ್ತೆ ಒಳಗಿನಿಂದ, “ನಾನು ಬೇಡ ಅಂದಿದ್ದೆ ತಾನೆ? ಕೈಗುಣ ಇಲ್ದೋರು ಕೈ ಹಾಕಬಾರದು” ಎಂದು ಕೂಗಿದರು. ಕೈಗುಣದಕ್ಕ ಕೋಳಿಯನ್ನೂ ಬುಟ್ಟಿಯನ್ನೂ ತೆಗೆದುಕೊಂಡಳು. ಚಿಕ್ಕವಳ ಭುಜ ತಟ್ಟಿದಳು.

“ಹೋಗ್ಲಿ ಬಿಡು. ನಿಂಗೇನು ಗೊತ್ತು, ಪಾಪ.”

ತಪ್ಪು ಮಾಡಿದವಳು ತಾನು, ಕ್ಷಮಿಸಿದವಳೂ ತಾನೇ! ಇಂಥ ದೊಡ್ಡತನ ಶತ್ರುವಿಗೂ ಬೇಡ. ಆ ಮಾತು ಹೊರಬಿದ್ದ ಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅನ್ನ ಸೇರಲಿಲ್ಲ, ಹೊಲಿಗೆ ನೇರ ಬರಲಿಲ್ಲ.

ಎರಡು ದಿನದ ಮೇಲೆ ಅತ್ತೆ ಸುದ್ದಿ ತಂದರು. ಚಿಕ್ಕವಳು ತನ್ನ ಕೋಳಿಗಳನ್ನೆಲ್ಲ ಮಾರುತ್ತಾಳಂತೆ. ಅವುಗಳೂ ಸಂಜೆ ಗೂಡಿಗೆ ಹೋಗುತ್ತಿಲ್ಲವಂತೆ, ಬಡವಾಗುತ್ತಿವೆಯಂತೆ. ತನ್ನ ಕೈಯೇ ಸರಿಯಿಲ್ಲ, ಇನ್ನು ಯಾವ ಜೀವವನ್ನೂ ಮುಟ್ಟುವುದಿಲ್ಲ ಎಂದು ಅತ್ತಳಂತೆ. “ಈಗಲಾದ್ರೂ ಬುದ್ಧಿ ಬಂತು. ಏನಾದ್ರೂ ಹೇಳಿ ಬರ್ತೀನಿ” ಎಂದು ಅತ್ತೆ ಅವಳ ಮನೆಗೇ ಹೊರಟರು.

ಕೈಗುಣದಕ್ಕ ಯಂತ್ರ ಬಿಟ್ಟು ಎದ್ದಳು. ಅತ್ತೆಯ ಹಿಂದೆಯೇ ಹೋಗಿ, ಚಿಕ್ಕವಳ ಅಡುಗೆಮನೆಯಲ್ಲಿ ನಿಂತು, ಉಸಿರು ಬಿಡದೆ ಹೇಳಿದಳು. “ನಿನ್ನ ಕೈಯದೇನೂ ತಪ್ಪಿಲ್ಲ ಕಣೆ. ನನ್ನ ಗೂಡಲ್ಲಿ ನುಸಿ ಇತ್ತು. ಗೊತ್ತಿದ್ದೂ ಕೊಟ್ಟೆ. ನುಸಿ ಕಾಟಕ್ಕೇ ಕೋಳಿ ಎದ್ದಿದ್ದು.”

ಚಿಕ್ಕವಳು ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕಳು. “ನನ್ನ ಸಮಾಧಾನಕ್ಕೆ ನೀನ್ಯಾಕೆ ಸುಳ್ಳು ಹೇಳ್ತೀಯಕ್ಕ? ನಿನ್ನ ಗೂಡಲ್ಲಿ ನುಸಿಯಾ?”

“ನೋಡಿದ್ಯಾ?” ಎಂದರು ಅತ್ತೆ. “ತನ್ನ ಮೇಲೆ ಹಾಕ್ಕೊಂಡು ನಿನ್ನ ಉಳಿಸ್ತಿದ್ದಾಳೆ. ದೊಡ್ಡ ಮನಸ್ಸು ಅಂದ್ರೆ ಇದು.”

ನಿಜ ಹೇಳಿದರೂ ಹೊಗಳಿಕೆಯೇ! ಕೈಗುಣದಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ಬಿರಬಿರನೆ ಮನೆಗೆ ಓಡಿದಳು. ಸುಡಬೇಕೆಂದು ಹಿತ್ತಲ ಮೂಲೆಗೆಸೆದಿದ್ದ ಬುಟ್ಟಿಯನ್ನೂ, ಹೊಲಿಗೆಯ ಮೇಜಿನ ಮೇಲಿದ್ದ ಬಿಳಿ ಅಸ್ತರಿನ ಬಟ್ಟೆಯನ್ನೂ ತಂದಳು. ಬಟ್ಟೆಯನ್ನು ಚಿಕ್ಕವಳ ಅಡುಗೆಮನೆಯ ನೆಲಕ್ಕೆ ಹಾಸಿ, ಬುಟ್ಟಿಯನ್ನು ಕವುಚಿ, ಲಟ್ಟಣಿಗೆಯಿಂದ ಬಲವಾಗಿ ಬಡಿದಳು.

ಧೂಳು ಬಿತ್ತು. ಹುಲ್ಲಿನ ಚೂರು, ಒಣಗಿದ ಹಿಕ್ಕೆ. ಮೂವರೂ ಬಗ್ಗಿ ನೋಡುತ್ತಿದ್ದಂತೆ ಆ ಧೂಳು ನಡೆಯತೊಡಗಿತು. ಕೆಲವು ಬೂದು, ಹೊಟ್ಟೆ ತುಂಬಿದವು ಕೆಂಪು. ಅತ್ತೆ “ಥೂ” ಎಂದು ಕಾಲು ಎಳೆದುಕೊಂಡರು. ಆಮೇಲೆ ಹಿರಿಯ ಸೊಸೆಯ ಮುಖ ನೋಡಿದರು. ಆ ನೋಟಕ್ಕೆ ಹೆದರಿಯೇ ಅವಳು ಇಷ್ಟೆಲ್ಲ ಮಾಡಿದ್ದು. ಕೊನೆಗೂ ಅದು ಬಂದಿತ್ತು.

ಚಿಕ್ಕವಳು ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

“ಒಂದು ಮೊಟ್ಟೆ ಒಡೆದು ನೋಡಿದ್ದೆ. ಮರಿ ಆಗಿತ್ತು. ಕೊಕ್ಕು ಮೂಡಿತ್ತು” ಎಂದಳು. “ಅದನ್ನ ಮಣ್ಣಲ್ಲಿ ಮುಚ್ಚಿ ನಿನ್ನ ಮನೆಗೆ ಬಂದೆ. ತಪ್ಪಾಯ್ತು ಅಂದೆ. ನೀನು ಹೋಗ್ಲಿ ಬಿಡು ಅಂದೆ.”

“ತಪ್ಪಾಯ್ತು ಕಣೆ.”

ಚಿಕ್ಕವಳು ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ, ಬುಟ್ಟಿಯ ಜೊತೆ ಒಲೆಗೆ ಹಾಕಲೆಂದು ಪಕ್ಕಕ್ಕಿಟ್ಟಳು. ದೊಡ್ಡ ಪಾತ್ರೆಗೆ ನೀರು ತುಂಬಿಸಿ ಕಾಯಲು ಇಟ್ಟಳು. ಕೈಗುಣದಕ್ಕ ತೋಳು ಮೇಲೇರಿಸಿ ಮುಂದೆ ಬಂದಳು. “ನೀನು ಕೂತ್ಕೊ. ನಿನ್ನ ಗೂಡು ನಾನೇ ತೊಳೆದು ಕೊಡ್ತೀನಿ. ಪುಡಿನೂ ಉಳಿದಿದೆ.”

“ಬೇಡ” ಎಂದಳು ಚಿಕ್ಕವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಗೆ ಬಂದ ಗಿರಾಕಿಯೊಡನೆ ಮಾತಾಡಿದಂತಿತ್ತು. “ಏನೇನು ಮಾಡ್ಬೇಕು ಅಂತ ನೀವು ಹೇಳಿ, ಸಾಕು. ನಾನೇ ಮಾಡ್ಕೋತೀನಿ.”

ಸೊಸೆಯಾಗಿ ಬಂದ ದಿನದಿಂದ ಚಿಕ್ಕವಳು ಅಕ್ಕನನ್ನು ನೀನು ಎಂದೇ ಕರೆದಿದ್ದಳು, ತಂಗಿಯ ಹಾಗೆ. ಕೈಗುಣದಕ್ಕ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲ ಬಳಿ ನಿಂತು, ಮೊದಲು ಹಳೇ ಹುಲ್ಲನ್ನೆಲ್ಲ ತೆಗೆದು ಸುಡಬೇಕು ಎಂದು ಹೇಳಲು ಶುರುಮಾಡಿದಳು.