ಮೇಜಿನ ಆ ಬದಿ

ಬಿಸಿ ಅನ್ನ ಬಿದ್ದ ಕೂಡಲೇ ಬಾಳೆಲೆಯಿಂದ ಏಳುವ ಆ ಹಸಿ ವಾಸನೆ... ಕಳೆದ ವಾರ ಒಂದು ಮದುವೆಯೂಟದಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಸಿಂಗಪುರದ ಸೆಂಬವಾಂಗ್‌ನ ನಮ್ಮ ಹಳೆಯ ಎದುರುಮನೆಯ ಆಂಟಿ ನೆನಪಾದರು.

ಆಂಟಿ ಉಡುಪಿ ಕಡೆಯವರು. ಮನೆಯಲ್ಲಿ ತುಳು, ನಮ್ಮೊಡನೆ ಬೆಂಗಳೂರು ಕನ್ನಡ, ಸಿಟ್ಟು ಬಂದರೆ ಎರಡೂ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಪ್ರತಿ ಡಿಸೆಂಬರ್‌ನಲ್ಲೂ ಟಿವಿಯಲ್ಲಿ ಒಂದು ಹಳೆಯ ಹಬ್ಬದ ಕಾರ್ಟೂನ್ ಬರುತ್ತಿತ್ತು. ಬ್ಲಾಕಿನ ಮಕ್ಕಳೆಲ್ಲ ಅವರ ಮನೆಯಲ್ಲೇ ಕೂತು ನೋಡುತ್ತಿದ್ದೆವು. ಕೊನೆಗೆ ಹಬ್ಬದೂಟ. ಮೇಜಿನ ಒಂದು ಬದಿಗೆ ಬಿಳಿಯ ಮಕ್ಕಳೆಲ್ಲ ಒತ್ತಿಕೊಂಡು ಕೂತರೆ, ಇನ್ನೊಂದು ಬದಿಗೆ ಒಬ್ಬನೇ ಕಪ್ಪು ಹುಡುಗ. ಅವನಿಗೆ ಒಂದು ಮಾತೂ ಇರಲಿಲ್ಲ.

ಒಂದು ವರ್ಷ, ಬ್ಲಾಕಿನ ಬುಡದ ತೆರೆದ ಜಾಗ, ಅಂದರೆ ವಾಯ್ಡ್ ಡೆಕ್‌ನ ಪಾರ್ಟಿಗೆ ಅದನ್ನೇ ನಾಟಕ ಮಾಡೋಣವೆಂದು ಮಕ್ಕಳು ಹೊರಟೆವು. ಆ ಕಪ್ಪು ಹುಡುಗ ಯಾರಾಗಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಯು ಲಾ! ಯು ಸೋ ಡಾರ್ಕ್!" ಎಂದಳು ಪಕ್ಕದ ಮನೆಯ ಚೀನೀ ಗೆಳತಿ, ಅಲ್ಲಿ ಎಲ್ಲರೂ ಮಾತಿನ ಬಾಲಕ್ಕೆ ಅಂಟಿಸುವ ‘ಲಾ’ ಸೇರಿಸಿ. ಪಾಪ, ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಎಲ್ಲರೆದುರು ಆ ಬದಿಗೆ ಒಬ್ಬಳೇ ಕೂರಬೇಕಲ್ಲ ಎಂದು ನನಗೆ ಅಳು ಒತ್ತಿ ಬರುತ್ತಿತ್ತು.

ಪ್ರಾಕ್ಟೀಸ್ ನಡೆಯುವಾಗ ಆಂಟಿ ಗೋಳಿಬಜೆಯ ತಟ್ಟೆ ಹಿಡಿದು ಬಂದರು.

"ಏನಿದು ಪಂಕ್ತಿಭೇದ? ನೀನ್ಯಾಕೆ ಒಬ್ಳೇ ಆ ಕಡೆ?"

"ಕಾರ್ಟೂನ್‌ನಲ್ಲಿ ಹಾಗೇ ಇದೆ ಆಂಟಿ."

"ಇದ್ರೆ ಇರ್ಲಿ. ನಮ್ಮ ಡ್ರಾಮಾದಲ್ಲಿ ಚೇಂಜ್ ಮಾಡೋಣ."

ಆ ಸಿಟ್ಟು ಎಲ್ಲಿಂದ ಬಂತೆಂದು ಆಗ ತಿಳಿಯಲಿಲ್ಲ. ಆಂಟಿ ಚಿಕ್ಕವರಿದ್ದಾಗ ಊರಿನ ದೊಡ್ಡ ಊಟಗಳಲ್ಲಿ ಅವರ ಮನೆಯವರನ್ನು ಹೊರಗಿನ ಸಾಲಿನಲ್ಲಿ ಕೂರಿಸುತ್ತಿದ್ದರಂತೆ. ಅಮ್ಮ ಇದನ್ನು ಹೇಳಿದ್ದು ನಾನು ದೊಡ್ಡವಳಾದ ಮೇಲೆ.

ಪಾರ್ಟಿಯ ದಿನ ಮೇಜೇ ಮಾಯ! ನೆಲಕ್ಕೆ ಚಾಪೆ, ಚಾಪೆಯ ಮುಂದೆ ಬಾಳೆಲೆ. ಕೆಂಪು ಟೋಪಿ ಹಾಕಿದ ಚೀನೀ, ಮಲಯ್, ತಮಿಳು ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆವು. ನಾನು ನಟ್ಟನಡುವೆ. ಎಲ್ಲರಿಗೂ ಬಡಿಸಿ ಮುಗಿಯುವ ತನಕ ಯಾರೂ ಎಲೆ ಮುಟ್ಟಕೂಡದು ಎಂದು ಆಂಟಿ ಕಟ್ಟಪ್ಪಣೆ ಮಾಡಿ, ‘ಶುರು ಮಾಡಿ’ ಎಂದು ಹೇಳುವ ಕೆಲಸವನ್ನು ನನಗೇ ಕೊಟ್ಟಿದ್ದರು. ಸಾರು ಎಲೆ ದಾಟಿ ಸಾಂಟಾ ವೇಷದ ಹುಡುಗನ ಹತ್ತಿಯ ಗಡ್ಡದ ಕಡೆ ಹರಿಯುತ್ತಿತ್ತು. ಆದರೂ ಎಲ್ಲರೂ ಕೈ ಕಟ್ಟಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಕಣ್ಣು ನನಗಾಗಿ ಕಾದದ್ದು ಅದೇ ಮೊದಲು. "ಎವ್ರಿಬಡಿ ಗಾಟ್? ಓಕೆ, ಈಟ್!" ಎಂದು ಕಿರುಚಿದೆ. ಜನ ಚಪ್ಪಾಳೆ ಹೊಡೆದರು...

ಆಂಟಿ ಊರಿಗೆ ಮರಳಿದರು. ತೀರಿಕೊಂಡ ಸುದ್ದಿ ನನಗೆ ತಲುಪಿದ್ದೂ ತಡವಾಗಿ.

ನನ್ನ ಮಗಳು ಈಗ ನೋಡುವ ಕಾರ್ಟೂನ್‌ಗಳಲ್ಲಿ ಎಲ್ಲ ಬಣ್ಣದ ಮಕ್ಕಳಿದ್ದಾರೆ, ಎಲ್ಲರೂ ವಟವಟ ಮಾತಾಡುತ್ತಾರೆ. ಮದುವೆಯಿಂದ ಬಂದವಳು ಹಳೆಯದನ್ನು ಹುಡುಕಿ ಅವಳಿಗೆ ಹಾಕಿ ತೋರಿಸಿದೆ. ಊಟದ ದೃಶ್ಯ ಬಂದಾಗ ನಾನು ಕಾರ್ಟೂನ್ ಬಿಟ್ಟು ಅವಳನ್ನೇ ನೋಡಿದೆ.

"ಅಮ್ಮಾ, ಆ ಹುಡುಗನ ಪಕ್ಕ ಅಷ್ಟೊಂದು ಜಾಗ ಇದ್ಯಲ್ಲ," ಎಂದಳು. "ಇವ್ರೆಲ್ಲ ಯಾಕೆ ಈ ಕಡೆ ಒತ್ಕೊಂಡು ಕೂತಿದ್ದಾರೆ? ಸಿಲ್ಲಿ ಲಾ."

ಇದನ್ನು ಕೇಳಲು ಆಂಟಿ ಇರಬೇಕಿತ್ತು.