ಮೈಕು ಬಂದ್ ಮಾಡದ ಮಧ್ಯಾಹ್ನ

ಬನಹಟ್ಟಿಯ ನಮ್ಮ ಕೇಬಲ್ ಚಾನೆಲ್ ಅಂದರೆ ಮಾಳಿಗೆ ಮೇಲಿನ ಒಂದು ಕೋಣೆ, ಒಂದು ಕ್ಯಾಮೆರಾ, ನನ್ನ ಗಂಡ ಮತ್ತು ನಾನು. ವೈರು, ಕಂಬ, ಡಬ್ಬಿ ಅವರದು, ಬಾಯಿ ನನ್ನದು. ದಿನಾ ಸಂಜೆ ಏಳಕ್ಕೆ ಓದುತ್ತೇನೆ: ಯಾವ ಓಣಿಗೆ ಯಾವಾಗ ನೀರು, ಎಷ್ಟು ಹೊತ್ತಿಗೆ ಕರೆಂಟು ಹೋಗುತ್ತದೆ, ಯಾರು ತೀರಿಕೊಂಡರು, ಪಕ್ಕದ ಮುಧೋಳದಲ್ಲಿ ಯಾರ ನಾಯಿ ತಪ್ಪಿಸಿಕೊಂಡಿದೆ. ಕರೆಂಟಿನ ಸುದ್ದಿ ತಪ್ಪಾಯಿತೋ, ಊರಿನ ಮಗ್ಗದವರೆಲ್ಲ ನನ್ನ ಮೇಲೆ ಏರಿ ಬರುತ್ತಾರೆ.

ಟಿವಿ ಪ್ರಸಾರದ ಲೈಸೆನ್ಸ್ ಶುಲ್ಕಕ್ಕೆ ಹೊಸ ನಿಯಮ ಬಂದಾಗ ನನಗೆ ಪಿತ್ತ ನೆತ್ತಿಗೇರಿತು. ದೇಶವೆಲ್ಲ ನೋಡುವ ಚಾನೆಲ್ಲಿಗೂ ನಮಗೂ ಒಂದೇ ಶುಲ್ಕವಂತೆ. ಅಷ್ಟು ಕಟ್ಟುವ ತಾಕತ್ತು ನಮಗೆಲ್ಲಿ? ನಿಯಮ ಉಳಿದರೆ ತಿಂಗಳ ಕೊನೆಗೆ ಬಾಗಿಲು ಹಾಕುವುದೇ. ಅಷ್ಟರಲ್ಲಿ ಸದಸ್ಯರೊಬ್ಬರು ಆ ನಿಯಮ ರದ್ದಾಗಲಿ ಎಂದು ಸಂಸತ್ತಿನಲ್ಲಿ ನಿರ್ಣಯ ಮಂಡಿಸುತ್ತಾರೆಂದು ಗೊತ್ತಾಯಿತು. ಆ ದಿನ ಸಂಸತ್ತಿನ ನೇರ ಪ್ರಸಾರವನ್ನೇ ನಮ್ಮ ಚಾನೆಲ್ಲಿಗೆ ಹಾಕಿದೆವು. ನಡುನಡುವೆ ಕನ್ನಡದಲ್ಲಿ ಎರಡು ಮಾತು ಹೇಳಲು ನಾನು ಮೈಕಿನ ಮುಂದೆ ಕೂತೆ.

ಸದಸ್ಯರು ಚೆನ್ನಾಗಿಯೇ ಮಾತಾಡಿದರು. ಉತ್ತರ ಕೊಡಲು ಎದ್ದ ಮಂತ್ರಿಗಳು, ನಿಯಮದ ಉದ್ದೇಶ ಒಳ್ಳೆಯದು ಎಂದು ಶುರು ಮಾಡಿದರು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

“ಉದ್ದೇಶ ಛಲೋ ಐತಂತ. ನಿನ್ನ ಉದ್ದೇಶ ತಗೊಂಡು ಏನ್ ಉಪ್ಪಿನಕಾಯಿ ಹಾಕ್ಲ್ಯಾ? ಒಂದ್ ದಿನ ನಮ್ಮ ಮಾಳಗಿ ಹತ್ತಿ ನೋಡ್ ಬಾ.”

ಹೀಗೆ ಬೈಯುತ್ತಲೇ ಇದ್ದೆ. ನೋಡುತ್ತೇನೆ, ಆ ಸದಸ್ಯರು ಎದ್ದು ನಿರ್ಣಯ ವಾಪಸ್ಸು ತೆಗೆದುಕೊಂಡೇ ಬಿಟ್ಟರು. “ನಡುನೀರಾಗ ಕೈ ಬಿಟ್ಟೆಲ್ಲೋ, ನಮ್ಮ ಚಾನೆಲ್ ಬಂದ್ ಆತಲ್ಲೋ” ಎಂದು ಅವರಿಗೂ ಹಾಕಿದೆ ಒಂದು ಸುತ್ತು.

ಗಂಡ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. “ಮೈಕ್ ಬಂದ್ ಮಾಡ ಮೊದಲ. ಊರ ಮಂದಿ ಎಲ್ಲಾ ಕೇಳಾಕತ್ತಾರ.”

ಥಟ್ಟನೆ ಮೈಕು ಬಂದ್ ಮಾಡಿದೆ. ಅಷ್ಟೊತ್ತಿಗೆ ಹಿಂದಿನ ಓಣಿಯ ನಿವೃತ್ತ ಮಾಸ್ತರರ ಫೋನು.

“ತಂಗಿ, ಮಂತ್ರಿ ಆಮ್ಯಾಲ ಹೇಳಿದ್ದು ಕೇಳಿದೇನು? ಸಣ್ಣ ಚಾನೆಲ್ಲಿಗೆ ಈ ಶುಲ್ಕ ಇಲ್ಲ, ನಿಯಮ ತಿದ್ದತೇವಿ ಅಂದ್ರು. ಅದಕ್ಕ ಆ ಮನಷ್ಯಾ ನಿರ್ಣಯ ಹಿಂದ ತಗೊಂಡ. ನಿನ್ನ ಬಾಯಾಗ ಅದೆಲ್ಲ ಮುಚ್ಚಿ ಹೋತು. ನಾ ಬ್ಯಾರೆ ಚಾನೆಲ್ ಹಚ್ಚಿ ಕೇಳಿದೆ.”

ನಾನೂ ಗಂಡನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವು ಉಳಿದಿದ್ದೆವು, ಆದರೆ ಊರಿಗೆ ಅದು ಗೊತ್ತಿರಲಿಲ್ಲ. ಆ ಸದಸ್ಯರ ಕ್ಷಮೆ ಕೇಳಿ ಸಂಜೆ ಓದಬೇಕಾದ ಚೀಟಿ ಬರೆಯುತ್ತ ಕೂತಿದ್ದೆ. ಆಗ ಎದುರು ಮನೆಯ ಅಜ್ಜಿ, ಹರೆಯದಿಂದಲೂ ಮಗ್ಗದ ಶೆಡ್ಡಿನಲ್ಲೇ ದುಡಿದವಳು, ಗೋಡೆ ಹಿಡಿದು ಹಿಡಿದು ಮೇಲೆ ಬಂದಳು.

“ಬಂದ್ ಮಾಡ್ತೀರಂತಲ್ಲ, ಖರೆ ಏನ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದಳು. “ಮಾಡಬ್ಯಾಡವ್ವಾ. ಮಗ್ಗದ ಸಪ್ಪಳದಾಗ ನನ್ನ ಕಿವಿ ಹೋಗ್ಯಾವ. ಬ್ಯಾರೆ ಟಿವ್ಯಾಗ ಮಂದಿ ಬಾಯಿ ಅಷ್ಟ ಕಾಣ್ತಾವ. ನಿನ್ನ ದನಿ ಒಂದ ನನಗ ಕೇಳಸ್ತೈತಿ.”

ಇಷ್ಟು ವರ್ಷ ಗಂಡ ನನಗೆ ಮೆಲ್ಲಗೆ ಓದು, ಮೆಲ್ಲಗೆ ಓದು ಎಂದು ಹೇಳುತ್ತಲೇ ಬಂದಿದ್ದರು. ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

“ಬಂದ್ ಇಲ್ಲಬೇ” ಎಂದೆ. ಯಾಕೋ ದನಿ ಮೆಲ್ಲಗೆ ಬಂತು. ಅಜ್ಜಿ ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಮೂಗು ಒರೆಸಿಕೊಂಡು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಇನ್ನೊಮ್ಮೆ ಕೂಗಿದೆ.