ಜಲಸಂಧಿಯೂ ಜೋಳದ ರೊಟ್ಟಿಯೂ

ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವ ಗಳಿಗೆಯನ್ನು ಈ ಲೋಕದಲ್ಲಿ ಪುಕ್ಕಟೆಯಾಗಿ ನೋಡಸಿಗುವ ಸಾತ್ವಿಕ ಸುಖಗಳಲ್ಲಿ ಒಂದೆಂದು ನಾನು ಬಗೆದಿದ್ದೇನೆ. ಒದ್ದೆ ಬಟ್ಟೆಯಿಂದ ನೀರು ಸವರಿಸಿಕೊಂಡು ತನ್ನ ಪಾಡಿಗೆ ಮಲಗಿದ್ದ ರೊಟ್ಟಿ, ಮಗುಚಿ ಹಾಕಿದ ಕೂಡಲೇ ಏನೋ ನೆನಪಾದಂತೆ ಒಂದು ಬದಿಯಿಂದ ಉಸಿರು ಹಿಡಿದು, ನೋಡನೋಡುತ್ತಿದ್ದಂತೆಯೇ ಹೊಸದಾಗಿ ಗೆದ್ದ ನಗರಸಭೆ ಸದಸ್ಯನ ಹಾಗೆ ಉಬ್ಬಿ ನಿಲ್ಲುತ್ತದೆ. ಅದು ಹಿಟ್ಟಿನ ಗುಣವೋ, ಬಡಿಯುವ ಕೈಯ ಹದವೋ ಎಂಬ ಬಗ್ಗೆ ನಮ್ಮ ಹಾವೇರಿಯ ಹೆಂಗಸರಲ್ಲಿ ಭಿನ್ನಾಭಿಪ್ರಾಯವುಂಟು. ಅದು ಉಬ್ಬುವುದು ಪರದೇಶದ ಸಮುದ್ರದಲ್ಲಿರುವ ಒಂದು ಇಕ್ಕಟ್ಟಾದ ಹಾದಿಯ ಕೃಪೆಯಿಂದ ಎಂಬ ಮೂರನೆಯ ಅಭಿಪ್ರಾಯ ಮಾತ್ರ ಯಾರಿಗೂ ಇರಲಿಲ್ಲ. ಮೂರು ದಶಕ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತನಾದ ನನಗೂ ಇರಲಿಲ್ಲ.

ನಾನು ರೊಟ್ಟಿ ಉಬ್ಬುವುದನ್ನು ದಿನಾ ನೋಡುವಂತಾದದ್ದು ಗಂಗವ್ವನ ಖಾನಾವಳಿಯಲ್ಲಿ. ರಾಣೆಬೆನ್ನೂರಿನಲ್ಲಿರುವ ನಮ್ಮ ಮಗಳಿಗೆ ಎರಡನೆಯ ಹೆರಿಗೆಯಾಗಿತ್ತು. ಮೊದಲ ಮಗುವಿನ ಶಾಲೆ ತಪ್ಪಬಾರದೆಂದು ಈ ಸಲ ಬಾಣಂತಿ ತವರಿಗೆ ಬರುವ ಬದಲು ತವರೇ ಬಾಣಂತಿಯ ಬಳಿಗೆ ಹೋಯಿತು. ಅಂದರೆ ನನ್ನ ಹೆಂಡತಿ ಸರೋಜಾ ಅಂಟಿನುಂಡೆಯ ಡಬ್ಬಿಗಳ ಸಮೇತ ಅಲ್ಲಿಗೆ ಹೊರಟಳು. ಹೊರಡುವಾಗ ನನಗೆ ಅಡುಗೆ ಬರುವುದಿಲ್ಲವೆಂಬುದನ್ನು ಓಣಿಯವರ ಮುಂದೆ ಘೋಷಿಸಿ, ಬಸ್‌ ನಿಲ್ದಾಣದ ಹಿಂದಿನ ಗಂಗವ್ವನ ಖಾನಾವಳಿಯಲ್ಲಿ ಎರಡು ಹೊತ್ತಿನ ಊಟ ಗೊತ್ತು ಮಾಡಿ ಹೋದಳು. ಗಂಗವ್ವ ಐವತ್ತರ ಆಸುಪಾಸಿನ ಗಟ್ಟಿ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಖಾನಾವಳಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ರೊಟ್ಟಿ ಬಡಿಯಲು ನೀಲವ್ವನೆಂಬ ಮುದುಕಿ. ಆ ಮುದುಕಿಯ ಅಂಗೈಯಲ್ಲಿ ಏನಿತ್ತೋ, ಅವಳು ಬಡಿದ ರೊಟ್ಟಿ ಉಬ್ಬದೆ ಉಳಿದದ್ದನ್ನು ನಾನು ಕಾಣೆ.

ಹೀಗಿರುತ್ತ ಕೊಲ್ಲಿಯಲ್ಲಿ ಯುದ್ಧ ಶುರುವಾಯಿತು. ಯಾರು ಯಾರ ಮೇಲೆ ಮೊದಲು ಬಾಂಬು ಹಾಕಿದರು ಎಂಬುದನ್ನು ಟೀವಿಯವರು ಇಪ್ಪತ್ನಾಲ್ಕು ಗಂಟೆ ಕಿರುಚಿ ಹೇಳಿದರೂ ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಮೊದಲ ವಾರ ಖಾನಾವಳಿಯಲ್ಲಿ ಚಪಾತಿ ನಿಂತಿತು. ಎರಡನೆಯ ವಾರ ಎರಡನೆಯ ಪಲ್ಯ ನಿಂತಿತು. ಮೂರನೆಯ ವಾರ ಗಂಗವ್ವ, "ಮಾಸ್ತರ್ರ, ಇವತ್ತ ಎರಡ ರೊಟ್ಟಿ. ಮ್ಯಾಲೆ ಅನ್ನ ಹೊಟ್ಟಿ ತುಂಬ ಉಣ್ರಿ," ಎಂದಳು. ಅಂಗಡಿಗೆ ಬರುವ ದೊಡ್ಡ ಸಿಲಿಂಡರು ಬಾರದೆ ಹನ್ನೊಂದು ದಿನವಾಗಿತ್ತಂತೆ.

ಪಾಠ ಹೇಳಿ ಬದುಕಿದವನ ಚಟ ಚಿತೆಯವರೆಗೂ ಬಿಡುವುದಿಲ್ಲ. ನಾನು ತಟ್ಟೆಯನ್ನು ಪರ್ಷಿಯಾ ಕೊಲ್ಲಿ ಮಾಡಿದೆ. ನೀರಿನ ಲೋಟ ಒಂದು ದೇಶ, ಶೇಂಗಾ ಚಟ್ನಿಯ ಬಟ್ಟಲು ಇನ್ನೊಂದು. ನಡುವೆ ಬೆರಳಿಟ್ಟು, ಇದೇ ಹಾರ್ಮುಜ್ ಜಲಸಂಧಿ, ನಮ್ಮ ದೇಶದ ತೈಲ ಮತ್ತು ಅಡುಗೆ ಅನಿಲದ ದೊಡ್ಡ ಪಾಲು ಈ ಸಂಧಿಯೊಳಗಿಂದ ಹಡಗಿನಲ್ಲಿ ಬರಬೇಕು, ಈಗ ಇದು ಬಂದ್ ಆಗಿದೆ ಎಂದು ವಿವರಿಸಿದೆ. ನಾವು ಸ್ವತಂತ್ರರಾದದ್ದು ಹೌದಾದರೂ ನಮ್ಮ ಒಲೆಯ ಕಿವಿ ಇನ್ನೂ ಪರರ ಕೈಯಲ್ಲಿಯೇ ಇದೆಯೆಂಬ ನನ್ನ ಹಳೆಯ ತರಗತಿಯ ವಾಕ್ಯವನ್ನೂ ಸೇರಿಸಿದೆ. ಗಂಗವ್ವ ಸಾರಿನ ಸೌಟು ಹಿಡಿದು ಸಾವಧಾನವಾಗಿ ಕೇಳಿದಳು.

"ಆ ಸಂದಿ ಎಲ್ಲೈತಿ ಅನ್ನೂದು ಗೊತ್ತಾತ್ರಿ ಮಾಸ್ತರ್ರ," ಎಂದಳು. "ನನ್ನ ಸಿಲಿಂಡರ್ ಎಂದ ಬರತೈತಿ, ಅದನ್ನ ಹೇಳ್ರಿ."

ಪಕ್ಕದಲ್ಲಿ ಉಣ್ಣುತ್ತಿದ್ದ ಬಸವಂತಪ್ಪನಿಗೆ ನಗು ತಡೆಯಲಾಗಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಆತ. ಹೊಲದ ವ್ಯಾಜ್ಯಕ್ಕೆ ಹಾವೇರಿ ಕೋರ್ಟಿಗೆ ಬಂದಾಗಲೆಲ್ಲ ಊಟ ಇಲ್ಲಿಯೇ. ಆತನಿಗೂ ಆತನದೇ ಸಂಕಟವಿತ್ತು. "ನಮ್ಮ ಬ್ಯಾಡಗಿದೂ ಎಣ್ಣಿ ಪರದೇಶಕ್ಕ ಹೋಗತೈತ್ರಿ," ಎಂದ. "ಮೆಣಸಿನಕಾಯಿಂದ ತಗದ ಕೆಂಪು ಬಣ್ಣದ ಎಣ್ಣಿ. ಅಲ್ಲಿ ಹೆಣ್ಮಕ್ಕಳ ತುಟಿಗೆ ಹಚ್ಚೂದರಾಗ ಹಾಕತಾರಂತ. ಈಗ ಹಡಗ ಇಲ್ಲ, ಮಾಲೆಲ್ಲಾ ಬಂದರದಾಗ ಕುಂತೈತಿ. ಆದ್ರ ನೋಡ್ರಿ, ನಮ್ಮ ಎಣ್ಣಿ ನಿಂತರ ಅವರ ಒಲಿ ಏನೂ ಆರೂದಿಲ್ಲ. ಅವರ ಎಣ್ಣಿ ನಿಂತರ ನಮ್ಮ ತಾಟಿನಾಗಿನ ರೊಟ್ಟಿ ಹೋತು." ಜಾಗತಿಕ ವಾಣಿಜ್ಯವನ್ನು ಇಷ್ಟು ಚೊಕ್ಕವಾಗಿ ಹೇಳಲು ನನಗೆ ಒಂದು ಇಡೀ ಅಧ್ಯಾಯ ಬೇಕಾಗುತ್ತಿತ್ತು.

ಮರುದಿನ ಗಂಗವ್ವ ನನ್ನನ್ನು ಗ್ಯಾಸ್ ಏಜೆನ್ಸಿಗೆ ಕರೆದೊಯ್ದಳು. ಓದಿದವರು ಮಾತಾಡಿದರೆ ಕೇಳುತ್ತಾರೆ ಎಂಬುದು ಅವಳ ನಂಬಿಕೆ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಕಿಟಕಿಯ ಮುಂದೆ ನಿಂತು, ಪ್ರಜೆಯ ಹಕ್ಕು ಮತ್ತು ಸಣ್ಣ ಉದ್ಯಮಗಳ ಅಳಿವು ಉಳಿವಿನ ಬಗ್ಗೆ ಮಾತನಾಡಿದೆ. ಬೆಳಗಿನಿಂದ ಇನ್ನೂರು ಜನರಿಗೆ ಅದದೇ ಉತ್ತರ ಹೇಳಿ ಗಂಟಲು ಕಟ್ಟಿಕೊಂಡಿದ್ದ ಒಳಗಿನ ಹುಡುಗಿ, "ಅಜ್ಜಾರ, ಗಾಡಿನ ಬಂದಿಲ್ರಿ. ಬಂದ್ರೂ ಮೊದಲ ಮನಿಯವರಿಗೆ, ಆಮ್ಯಾಲೆ ದವಾಖಾನಿಗೆ. ಖಾನಾವಳಿ ಕಡೀಕ. ಹಂಗಂತ ಆದೇಶ ಐತಿ," ಎಂದಳು. ವ್ಯಾಕರಣ ಕಲಿಸುತ್ತಿದ್ದ ನನ್ನ ಹಳೆಯ ಸಹೋದ್ಯೋಗಿ ಅಲ್ಲಿದ್ದಿದ್ದರೆ ಸಂತೋಷಪಡುತ್ತಿದ್ದ. ಆ ಹಾಳು ಜಲಸಂಧಿಯಿಂದಾಗಿ ಗ್ಯಾಸಿನ ಲೋಪವಾಗಿತ್ತು, ಸರಕಾರದ ಆದೇಶವೂ ಬಂದಿತ್ತು; ಇಲ್ಲದ್ದು ಆಗಮ ಒಂದೇ. ಅಜ್ಜಾರ ಎಂದದ್ದು ಬೇರೆ ನನ್ನ ಎದೆಗೆ ನಾಟಿತ್ತು.

ತಿರುಗಿ ಬರುವಾಗ ಗಂಗವ್ವ ಮುಖ ನೋಡದೆ ಕೇಳಿದಳು: "ಮಾಸ್ತರ್ರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಮನ್ಯಾಗ ಅಕ್ಕಾರು ಇಲ್ಲ, ಒಲಿ ಹತ್ತಂಗಿಲ್ಲ. ತುಂಬಿದ್ದು ಒಂದ ಇದ್ರ, ನಾಕ ದಿನದ ಮಟ್ಟಿಗೆ..."

ಓದುಗ ಮಿತ್ರರೆ, ನಿಮ್ಮಿಂದ ಮುಚ್ಚಿಡುವುದೇನು? ನನ್ನ ಮನೆಯಲ್ಲಿ ಒಂದಲ್ಲ, ಎರಡು ತುಂಬಿದ ಸಿಲಿಂಡರುಗಳಿದ್ದವು. ಯುದ್ಧದ ಸುದ್ದಿ ಬಂದ ದಿನವೇ ಸರೋಜಾ ಫೋನು ಮಾಡಿ, ಖಾಲಿಯಾಗಿದ್ದುದಕ್ಕೆ ಬದಲಿ ತರಿಸಿ, ಎರಡನ್ನೂ ಮಂಚದ ಕೆಳಗೆ ಸರಿಸಿ ಹಳೆಯ ಚಾದರ ಮುಚ್ಚಲು ಅಪ್ಪಣೆ ಮಾಡಿದ್ದಳು. ನಾನು ಹಾಗೆಯೇ ಮಾಡಿದ್ದೆ. ಅಡುಗೆ ಬಾರದ ಮನುಷ್ಯ ಎರಡು ಸಿಲಿಂಡರುಗಳ ಮೇಲೆ, ನಿಧಿ ಕಾಯುವ ಸರ್ಪದಂತೆ, ದಿನಾ ಮಲಗಿ ಏಳುತ್ತಿದ್ದ.

"ಇಲ್ಲ ಗಂಗವ್ವ," ಎಂದೆ. "ಒಂದ ಐತಿ, ಅದೂ ಅರ್ಧ ಆಗೇತಿ." ಅಷ್ಟು ಸಾಲದೆಂಬಂತೆ, ಮನೆಬಳಕೆಯ ಅನಿಲವನ್ನು ವ್ಯಾಪಾರಕ್ಕೆ ಬಳಸುವುದು ಕಾನೂನಿನ ಪ್ರಕಾರ ಅಪರಾಧವೆಂದೂ ತಿಳಿಸಿದೆ. ಮಾತು ಖರೆಯಾಗಿತ್ತು, ಆದರೆ ನನಗೆ ಅದು ನೆನಪಾದ ಹೊತ್ತು ಖರೆಯಾಗಿರಲಿಲ್ಲ. ಬಲಾಢ್ಯ ರಾಷ್ಟ್ರಗಳಿಗೂ ಅಂತರರಾಷ್ಟ್ರೀಯ ಕಾನೂನು ನೆನಪಾಗುವುದು ಹೀಗೆಯೇ, ತಮ್ಮ ಮಂಚದ ಕೆಳಗಿನದನ್ನು ಕೇಳಿದಾಗ.

"ಆತ್ ಬಿಡ್ರಿ," ಎಂದಳು ಗಂಗವ್ವ.

ಎರಡು ದಿನ ಬಿಟ್ಟು ಖಾನಾವಳಿಯ ಬಾಗಿಲಿಗೆ ಬೀಗ ಬಿತ್ತು. ನಾನು ಮನೆಗೆ ಬಂದು ಅವಲಕ್ಕಿ ನೆನೆಸಿ ತಿಂದೆ. ಮರುದಿನ ಬೆಳಿಗ್ಗೆ ಅವಲಕ್ಕಿ, ರಾತ್ರಿ ಬಾಳೆಹಣ್ಣು. ಮೂರನೆಯ ದಿನ ಸಿಟ್ಟು ಬಂತು. ಎಣ್ಣೆಗಾಗಿ ಊರು ಸುಡುವವರ ಮೇಲೆ, ಕೊಂಡು ತರುವ ಎಣ್ಣೆಯ ಮೇಲೆ ಇಡೀ ಸಂಸಾರ ಹೂಡಿ ಕೂತ ನಮ್ಮವರ ಮೇಲೆ, ಯುದ್ಧವನ್ನು ಕ್ರಿಕೆಟ್ಟಿನಂತೆ ತೋರಿಸುವ ಟೀವಿಯ ಮೇಲೆ. ಸಿಟ್ಟನ್ನು ಹೀಗೆ ದೂರ ದೂರಕ್ಕೆ ಕಳಿಸುವುದರಲ್ಲಿ ಒಂದು ಅನುಕೂಲವಿದೆ. ಅದು ಮನೆಗೆ ಬೇಗ ವಾಪಸಾಗುವುದಿಲ್ಲ.

ಕೂಸನ್ನು ನೋಡುವ ನೆವದಿಂದ, ನಿಜವಾಗಿ ಬಿಸಿ ಊಟದ ಆಸೆಯಿಂದ, ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಊರ ಹೊರಗಿನ ಪೆಟ್ರೋಲ್ ಬಂಕಿನ ಮುಂದೆ ಪಾಳಿ ಹೆದ್ದಾರಿಯವರೆಗೂ ಬೆಳೆದಿತ್ತು. ನಾಳೆಯಿಂದ ಪೆಟ್ರೋಲ್ ಇಲ್ಲವಂತೆ ಎಂದು ಯಾರೋ ಅಂದಿದ್ದರು. ಯಾರು ಎಂದು ಯಾರೂ ಕೇಳಿರಲಿಲ್ಲ. ಕ್ಯಾನು, ಕೊಡ, ನೀರಿನ ಬಾಟಲಿ ಹಿಡಿದು ಜನ ನಿಂತಿದ್ದರು. ಒಬ್ಬನಂತೂ ಎರಡು ಹೆಜ್ಜೆಗೊಮ್ಮೆ ಬೈಕನ್ನು ಚಾಲೂ ಮಾಡಿ, ಎರಡು ಹೆಜ್ಜೆ ಸರಿದು, ಮತ್ತೆ ಬಂದ್ ಮಾಡುತ್ತ, ಹಾಕಿಸಬೇಕಾದ ಪೆಟ್ರೋಲಿನ ಮುಂಗಡವನ್ನು ಅಲ್ಲಿಯೇ ಸುಡುತ್ತಿದ್ದ. ನನಗೆ ಮೈ ಉರಿಯಿತು. ಬೇಕಿರಲಿ ಬೇಡವಿರಲಿ ತುಂಬಿಸಿಟ್ಟುಕೊಳ್ಳುವ ಈ ಜನರಿಂದಲೇ ಇಲ್ಲದವರಿಗೆ ಇನ್ನಷ್ಟು ಇಲ್ಲವಾಗುವುದು ಎಂದು ಪಕ್ಕದವನಿಗೆ ಹೇಳತೊಡಗಿದ್ದೆ. ಅರ್ಧ ವಾಕ್ಯಕ್ಕೆ ಮಂಚ ನೆನಪಾಗಿ ಬಾಯಿ ಮುಚ್ಚಿದೆ.

ಮಗಳ ಮನೆಯಲ್ಲಿ ಸರೋಜಾ ಬಡಿಸುತ್ತ ಕೇಳಿದ ಮೊದಲ ಪ್ರಶ್ನೆ: "ಯಾರ ಮುಂದೂ ಬಾಯಿ ಬಿಟ್ಟಿಲ್ಲ ಹೌದಿಲ್ರಿ?"

"ಇಲ್ಲ. ಗಂಗವ್ವ ಕೇಳಿದ್ಲು. ಇಲ್ಲಂತ ಹೇಳಿದೆ."

"ಪಾಪ," ಎಂದಳು ಸರೋಜಾ. ಆಮೇಲೆ, "ಏನ್ ಮಾಡೂದ್ರಿ. ಮುಂದಿನ ತಿಂಗಳ ಸಾಲಿ ಸೂಟಿಗೆ ಬಾಣಂತಿ ಕೂಸು ನಮ್ಮನಿಗೆ ಬಂದ್ರ ನೀರ ಕಾಸಾಕರ ಬೇಕಲ್ಲ," ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ತೊಂದರೆಯೆಲ್ಲ ಅದೇ. ಜಗತ್ತಿನ ಯಾವ ದಾಸ್ತಾನಿನ ಹಿಂದೆಯೂ ಒಂದು ಕೂಸು ಇದ್ದೇ ಇರುತ್ತದೆ.

ನಾನು ಹಾವೇರಿಗೆ ಮರಳಿದ ದಿನ ಖಾನಾವಳಿಯ ಬಾಗಿಲು ತೆರೆದಿತ್ತು. ಒಳಗೆ ಹೋದರೆ ಹೊಗೆಯೋ ಹೊಗೆ. ಗಂಗವ್ವ ಹಿತ್ತಲಿನಲ್ಲಿ ಕಲ್ಲು ಜೋಡಿಸಿ ಮೂರು ಒಲೆ ಹೂಡಿದ್ದಳು. ಕರ್ಜಗಿಯ ನೆಂಟರಿಂದ ಟ್ರ್ಯಾಕ್ಟರಿನಲ್ಲಿ ಗೋವಿನಜೋಳದ ಬೆಂಡು ತರಿಸಿದ್ದಳು. ಕಾಳು ಬಿಡಿಸಿಕೊಂಡ ಒಣ ತೆನೆಗಳು ಗುಡ್ಡೆಯಾಗಿ ಬಿದ್ದಿದ್ದವು. ಮಧ್ಯಾಹ್ನ ಒಂದೇ ಹೊತ್ತು ಊಟ. ಅವಳ ಕಣ್ಣುಗಳು ಮೆಣಸಿನಕಾಯಿಯಂತಾಗಿದ್ದವು. ನೀಲವ್ವ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವುದರೊಳಗೆ ನಾಲ್ಕು ಸಲ ಕೆಮ್ಮುತ್ತಿದ್ದಳು. ಸೆರಗನ್ನು ಬಾಯಿಗಿಟ್ಟು ಎದ್ದು ಹೋಗಿ, ಗೋಡೆ ಹಿಡಿದು ನಿಂತು, ಉಸಿರು ತಹಬಂದಿಗೆ ಬಂದ ಮೇಲೆ ಮತ್ತೆ ಬಂದು ಹಿಟ್ಟು ನಾದುತ್ತಿದ್ದಳು.

ನನ್ನ ತಟ್ಟೆಗೆ ರೊಟ್ಟಿ ಬಂತು. ಚೆನ್ನಾಗಿಯೇ ಉಬ್ಬಿತ್ತು. ಒಂದು ತುತ್ತು ಮುರಿದು ತಟ್ಟೆಯಲ್ಲಿಯೇ ಇಟ್ಟೆ. ಉಣ್ಣುವವರೆಲ್ಲ ಎದ್ದು ಹೋಗುವವರೆಗೆ ಕಾದೆ.

"ಗಂಗವ್ವ, ಅವತ್ತ ನಾ ಸುಳ್ಳ ಹೇಳಿದೆ. ನನ್ನ ಮನ್ಯಾಗ ತುಂಬಿದ್ದು ಎರಡ ಅದಾವ."

ಅವಳು ತಾಟು ಎತ್ತುತ್ತಿದ್ದವಳು ಎತ್ತುತ್ತಲೇ ಇದ್ದಳು. "ಗೊತ್ತೈತ್ರಿ ಮಾಸ್ತರ್ರ. ನಿಮ್ಮನಿಗೆ ಸಿಲಿಂಡರ್ ಹೊತಗೊಂಡ ಬಂದಿದ್ನಲ್ಲ, ಅಂವ ಇಲ್ಲೇ ಉಣ್ಣಾಂವ."

"ಗೊತ್ತಿದ್ದ ಕೇಳಿದ್ಯಾ?"

"ಹೂನ್ರಿ. ಇರಲಾರದವರನ್ನ ಕೇಳಿ ಏನ್ ಮಾಡೂದೈತಿ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಈಗಲೇ ತಂದುಕೊಡುತ್ತೇನೆಂದೆ. ಗಂಗವ್ವ ಬೇಡವೆಂದಳು. ಖಾನಾವಳಿಯಲ್ಲಿ ಮನೆಯ ಸಿಲಿಂಡರು ಸಿಕ್ಕರೆ ಪರವಾನಗಿ ಹೋಗುತ್ತದೆಂದು ಅವಳಿಗೂ ಗೊತ್ತಿತ್ತು. ಅಂದು ಕಷ್ಟಕ್ಕೆ ಕೇಳಿದ್ದಳು, ಈಗ ಬೆಂಡಿನ ಉರಿಗೆ ಕೈ ಕೂಡಿತ್ತು. ಆಮೇಲೆ ಹಿತ್ತಲಿನ ಕಡೆಗೆ ಗದ್ದ ಎತ್ತಿ ತೋರಿಸಿದಳು.

"ಕೊಡೂದಾದ್ರ ಆಕಿಗೆ ಕೊಡ್ರಿ. ಆಕಿ ಮನ್ಯಾಗಿಂದೂ ಖಾಲಿ ಆಗಿ ಎಷ್ಟ ದಿನ ಆತು. ಇಲ್ಲಿ ಹೊಗಿ ಕುಡದು, ಮನಿಗೆ ಹೋಗಿ ಮತ್ತ ಹೊಗಿ ಕುಡೀತಾಳ. ಹಿಂಗಾದ್ರ ಮುದುಕಿ ಉಳಿಯಂಗಿಲ್ಲ."

ಅಂದೇ ಸಂಜೆ ಒಂದು ಸಿಲಿಂಡರನ್ನು ಆಟೋದಲ್ಲಿ ಹಾಕಿಸಿಕೊಂಡು ಗುತ್ತಲ ರಸ್ತೆಯ ಆಚೆಗಿನ ನೀಲವ್ವನ ಮನೆಗೆ ಹೊರಟೆ. ಬೈಗುಳವನ್ನು ಮುಂದೂಡಬಾರದೆಂದು ದಾರಿಯಲ್ಲಿಯೇ ಸರೋಜಾಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ಕೂಸಿನ ಅಳು ಕೇಳಿಸುತ್ತಿತ್ತು.

"ಯಾವ ನೀಲವ್ವ? ಪಂಚಮಿಗೆ ರೊಟ್ಟಿ ಬಡದ ಕೊಡತಿದ್ಲಲ್ಲ, ಆಕಿನ ಏನು?" ಎಂದಳು ಸರೋಜಾ. "ಇನ್ನೊಂದರ ಉಳಿಸೀರಿಲ್ಲ?"

"ಉಳಿಸೇನಿ."

"ಹಂಗಾದ್ರ ಆಟೋದವಂಗ ಹೇಳಿ ಒಲಿಗೆ ಜೋಡಿಸಿಕೊಟ್ಟ ಬರ್ರಿ. ನೀವ ಕೈ ಹಚ್ಚಾಕ ಹೋಗಬ್ಯಾಡ್ರಿ."

ನಾನು ಕೈ ಹಚ್ಚಲಿಲ್ಲ. ಆಟೋದವನೇ ಜೋಡಿಸಿ, ಸೋರುತ್ತದೆಯೋ ಎಂದು ಮೂಸಿ ನೋಡಿ, ನೀಲವ್ವನ ಖಾಲಿ ಸಿಲಿಂಡರನ್ನು ನನಗಾಗಿ ಆಟೋದಲ್ಲಿ ಇಟ್ಟುಕೊಂಡ. ನೀಲವ್ವನಿಗೆ ಇದೆಲ್ಲ ಹೌದೋ ಅಲ್ಲವೋ ಎಂಬ ಗುಮಾನಿ. ಒಂದೂವರೆ ಕೋಣೆಯ ಆ ಮನೆಯ ಗೋಡೆ ಹೊಗೆಯಿಂದ ಕಪ್ಪಾಗಿತ್ತು. ಚಹಾ ಕುಡಿಯದೆ ಹೋಗಕೂಡದೆಂದು ನನ್ನನ್ನು ಕೂರಿಸಿ, ಕಡ್ಡಿ ಗೀರಿದಳು. ನೀಲಿ ಉರಿ ಹತ್ತಿತು. ಒಂದು ಕ್ಷಣ ಅದನ್ನು ನೋಡಿ, ಪಾತ್ರೆಯಿಟ್ಟು, ಉಕ್ಕುವುದಕ್ಕೆ ಬಿಡದೆ ಕುದಿ ಬಂದ ಕೂಡಲೇ ಆರಿಸಿದಳು. ಅಷ್ಟು ಹೊತ್ತಿನಲ್ಲಿ ಅವಳು ಒಮ್ಮೆಯೂ ಕೆಮ್ಮಲಿಲ್ಲ.

ಇದು ಎಲ್ಲಿಂದ ಬರುತ್ತದೆ, ಏಕೆ ನಿಂತಿದೆ ಎಂದು ಅವಳು ಕೇಳಬಹುದೆಂದು ನಾನು ಒಳಗೊಳಗೇ ಪಾಠ ಹೊಂದಿಸಿಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಬೇರೆ.

"ಮಾಸ್ತರ್ರ, ಯುದ್ಧ ಮುಗದ ಮ್ಯಾಲೆ ಇದನ್ನ ತಿರುಗಿ ಕೊಡಬೇಕೇನ್ರಿ?"

"ಬ್ಯಾಡ ನೀಲವ್ವ. ನಿನಗ ಕೊಟ್ಟೇನಿ."

ಅವಳು ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹಂಗಾದ್ರ ಯುದ್ಧ ಲಗೂನ ಮುಗೀಲಿ ಬಿಡ್ರಿ," ಎಂದಳು.

ನಗಬೇಕೆಂದುಕೊಂಡೆ. ಅವಳ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಚಹಾದ ಬಟ್ಟಲನ್ನು ಸೆರಗಿನಿಂದ ಹಿಡಿದು ನನ್ನ ಮುಂದೆ ಸರಿಸಿ, "ಆರತೈತಿ, ಕುಡೀರಿ," ಎಂದಳು.